ಮಾತ್ರೆ ಹೆಚ್ಚಾದರೆ ಗುಣ ಹೆಚ್ಚೇ?

ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರ ಮನೆಯವರು ವೈದ್ಯರ ಮುಂದೆ ಕುಳಿತಾಗ ಆಡುವ ಮಾತುಗಳು, ಊರು ಯಾವುದಾದರೂ, ಹೆಚ್ಚು ಕಡಿಮೆ ಒಂದೇ. ‘ಡಾಕ್ಟ್ರೇ, ತಲೆಗೆ ಒಂದು ಸ್ಕ್ಯಾನ್ ಮಾಡಿಸಿಬಿಡೋಣ, ಒಳಗೆ ಏನಾಗಿದೆ ಅಂತ ಗೊತ್ತಾಗಲಿ’ ಎನ್ನುವುದು ಮೊದಲನೆಯದು. ‘ಹದಿನೈದು ದಿನ ಆಯಿತು, ಅಂಥಾ ಗುಣ ಏನೂ ಕಾಣಿಸ್ತಾ ಇಲ್ಲ, ಇನ್ನೊಂದು ಮಾತ್ರೆ ಜಾಸ್ತಿ ಮಾಡಬಾರದೇ?’ ಎನ್ನುವುದು ಎರಡನೆಯದು. ಮೂರನೆಯದನ್ನು ಅವರು ಕೇಳುವುದಿಲ್ಲ, ಮಾಡಿ ಮುಗಿಸಿ ಬಂದು ಹೇಳುತ್ತಾರೆ: ‘ಮಾತ್ರೆ ತಗೊಂಡು ಹುಡುಗ ಮರದ ಗೊಂಬೆ ಥರ ಆಗಿಬಿಟ್ಟಿದ್ದ, ಅದಕ್ಕೇ ನಿಲ್ಲಿಸಿಬಿಟ್ಟೆವು.’

ಮೂರೂ ಬೇರೆ ಬೇರೆ ಮಾತುಗಳಂತೆ ಕಂಡರೂ ಮೂರಕ್ಕೂ ಬೇರು ಒಂದೇ ಕಡೆ ಇದೆ. ಅದು ನಮ್ಮ ಮಿದುಳಿನಲ್ಲಿರುವ ಡೋಪಮೈನ್ ಗ್ರಾಹಕಗಳು. ಬದುಕಿರುವ ಮನುಷ್ಯನ ಮಿದುಳಿನಲ್ಲಿ ಈ ಗ್ರಾಹಕಗಳನ್ನು ಕಂಡು ಅಳೆಯುವ ಉಪಾಯ 1983ರಲ್ಲಿ ಸಿಕ್ಕಿತು. ಆ ಸ್ಕ್ಯಾನನ್ನು ನಿಮಗೆ ಯಾರೂ ಮಾಡಿಸಲು ಹೇಳುವುದಿಲ್ಲ, ಮಾಡಿಸುವ ಅಗತ್ಯವೂ ಇಲ್ಲ. ಆದರೆ ಅದರಿಂದ ತಿಳಿದ ಸಂಗತಿ ನಿಮ್ಮ ಕೈಯಲ್ಲಿರುವ ಔಷಧ ಚೀಟಿಯಲ್ಲಿ, ಮಿಲಿಗ್ರಾಂ ಎಂದು ಬರೆದ ಅಂಕಿಯ ರೂಪದಲ್ಲಿ ಆಗಲೇ ಇದೆ.

ಬಸ್ಸು, ಸೀಟು ಮತ್ತು ಟವೆಲು

ನಮ್ಮ ಮಿದುಳಿನ ನರಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ನಡುವೆ ಅತಿ ಸಣ್ಣ ಸಂದು ಇರುತ್ತದೆ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಬೇಕಾದರೆ ಆ ಸಂದಿಗೆ ಒಂದು ರಾಸಾಯನಿಕವನ್ನು ಸುರಿಸುತ್ತದೆ. ಅದು ಆಚೆ ದಡದ ಕೋಶದ ಮೇಲಿರುವ ಗ್ರಾಹಕದಲ್ಲಿ ಹೋಗಿ ಕುಳಿತರೆ ಸುದ್ದಿ ತಲುಪಿದಂತೆ. ಇಂಥ ರಾಸಾಯನಿಕಗಳು ಹಲವು. ಅವುಗಳಲ್ಲಿ ಒಂದು ಡೋಪಮೈನ್. ಕೈಕಾಲುಗಳ ಚಲನೆ ಸರಾಗವಾಗಿರುವುದಕ್ಕೆ, ಯಾವುದು ಮುಖ್ಯ ಯಾವುದು ಅಲ್ಲ ಎಂದು ಮನಸ್ಸು ಗುರುತಿಸುವುದಕ್ಕೆ, ಒಂದು ಕೆಲಸ ಮಾಡಬೇಕೆಂಬ ಹುರುಪಿಗೆ ಅದು ಬೇಕು. ಡೋಪಮೈನಿಗೆ ಐದು ಬಗೆಯ ಗ್ರಾಹಕಗಳಿವೆ. ಅವುಗಳಿಗೆ ಡಿ-1ರಿಂದ ಡಿ-5ರವರೆಗೆ ಹೆಸರಿಟ್ಟಿದ್ದಾರೆ. ಇವತ್ತಿನ ನಮ್ಮ ಮಾತೆಲ್ಲ ಡಿ-2 ಬಗ್ಗೆ.

ಗ್ರಾಹಕವನ್ನು ಬಸ್ಸಿನ ಸೀಟು ಎಂದುಕೊಳ್ಳಿ. ಡೋಪಮೈನ್ ಅದರ ಮೇಲೆ ಕೂರುವ ಪ್ರಯಾಣಿಕ. ಜಾತ್ರೆಯ ದಿನ ಬಸ್ಸು ನಿಲ್ದಾಣಕ್ಕೆ ಬರುವ ಮೊದಲೇ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುವವರನ್ನು ನೀವು ನೋಡಿದ್ದೀರಿ. ಟವೆಲು ಪ್ರಯಾಣ ಮಾಡುವುದಿಲ್ಲ, ಟಿಕೆಟ್ಟು ಕೊಳ್ಳುವುದಿಲ್ಲ. ಆದರೆ ಅದು ಬಿದ್ದ ಸೀಟಿನಲ್ಲಿ ಬೇರೆಯವರು ಕೂರುವ ಹಾಗಿಲ್ಲ. ಸ್ಕಿಜೋಫ್ರೀನಿಯಾದಂಥ ಕಾಯಿಲೆಗೆ ಕೊಡುವ ಹ್ಯಾಲೋಪೆರಿಡಾಲ್, ರಿಸ್ಪೆರಿಡೋನ್, ಓಲಾಂಜಪೈನ್ ಮುಂತಾದ ಔಷಧಗಳು ಡಿ-2 ಸೀಟಿನ ಮೇಲೆ ಬೀಳುವ ಟವೆಲುಗಳು. ಇಲ್ಲದ ದನಿಗಳು ಕೇಳುವುದು, ಪಕ್ಕದ ಮನೆಯವರು ತನ್ನ ವಿರುದ್ಧ ಮಸಲತ್ತು ನಡೆಸಿದ್ದಾರೆಂಬ ಅಚಲ ಸಂಶಯ ಮುಂತಾದವು, ಮಿದುಳಿನ ಒಂದು ಭಾಗದಲ್ಲಿ ಡೋಪಮೈನಿನ ಗದ್ದಲ ಹೆಚ್ಚಾದಾಗ ಕಾಣಿಸಿಕೊಳ್ಳುತ್ತವೆ. ಟವೆಲು ಬಿದ್ದಾಗ ಗದ್ದಲ ತಗ್ಗುತ್ತದೆ.

ಈ ಕಥೆಯ ಮೊದಲ ಎಳೆ ನಮ್ಮ ನೆಲದ್ದೇ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಸರ್ಪಗಂಧದ ಬೇರನ್ನು ಚಿತ್ತಭ್ರಮೆಗೂ ರಕ್ತದ ಒತ್ತಡಕ್ಕೂ ಬಳಸಬಹುದೆಂದು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಬರೆದರು. 1952ರಲ್ಲಿ ಸ್ವಿಟ್ಸರ್ಲೆಂಡಿನ ರಸಾಯನತಜ್ಞರು ಆ ಬೇರಿನಿಂದ ರಿಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಅಲುಗಾಡದೆ ಮುದುರಿ ಕುಳಿತುಬಿಟ್ಟವು. ದೇಹದಲ್ಲಿ ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡಿದವು. ಇದು 1957ರ ಮಾತು. ಡೋಪಮೈನ್ ತಾನೇ ಒಂದು ಸಂದೇಶವಾಹಕ ಎಂಬುದು ಹೀಗೆ ಗೊತ್ತಾಯಿತು. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈ ನಡುವೆ 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೋಮಜೈನ್, 1958ರಲ್ಲಿ ಬೆಲ್ಜಿಯಂನಲ್ಲಿ ಹ್ಯಾಲೋಪೆರಿಡಾಲ್ ಬಂದಿದ್ದವು. ಸರಪಳಿ ಬಿಗಿದು ಇಡುತ್ತಿದ್ದವರು ಶಾಂತರಾಗಿ ಮಾತನಾಡತೊಡಗಿದರು. ಆದರೆ ಔಷಧ ಎಷ್ಟು ಕೊಡಬೇಕೆಂಬುದಕ್ಕೆ ಅಳತೆಗೋಲು ಇರಲಿಲ್ಲ. 1970ರ ದಶಕದಲ್ಲಿ ಟೊರಾಂಟೊದ ಫಿಲಿಪ್ ಸೀಮನ್, ಬಾಲ್ಟಿಮೋರಿನ ಸಾಲೊಮನ್ ಸ್ನೈಡರ್ ಬೇರೆ ಬೇರೆಯಾಗಿ ಒಂದು ವಿಷಯ ತೋರಿಸಿದರು: ಡೋಪಮೈನ್ ಗ್ರಾಹಕಕ್ಕೆ ಯಾವ ಔಷಧ ಹೆಚ್ಚು ಗಟ್ಟಿಯಾಗಿ ಅಂಟುತ್ತದೆಯೋ ಅದು ಕಡಿಮೆ ಮಿಲಿಗ್ರಾಮಿನಲ್ಲೇ ಕೆಲಸ ಮಾಡುತ್ತದೆ. ಆದರೆ ಅವರು ನೋಡಿದ್ದು ಪ್ರಾಣಿಗಳ ಮಿದುಳಿನ ಚೂರನ್ನು, ಗಾಜಿನ ನಳಿಗೆಯಲ್ಲಿ. ಮಾತ್ರೆ ನುಂಗಿ ಎದುರಿಗೆ ಕುಳಿತಿರುವ ಮನುಷ್ಯನ ತಲೆಯೊಳಗೆ ಎಷ್ಟು ಸೀಟಿನ ಮೇಲೆ ಟವೆಲು ಬಿದ್ದಿದೆ? ಅದನ್ನು ತಿಳಿಯಲು ತಲೆಬುರುಡೆ ತೆರೆಯದೆ ಒಳಗೆ ನೋಡುವ ಕಣ್ಣು ಬೇಕಿತ್ತು.

ಇಪ್ಪತ್ತು ನಿಮಿಷದ ದೀಪ

ಆ ಕಣ್ಣು ಪೆಟ್ ಸ್ಕ್ಯಾನ್. ಪೂರ್ಣ ಹೆಸರು ಪಾಸಿಟ್ರಾನ್ ಎಮಿಷನ್ ಟೊಮಾಗ್ರಫಿ. ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಎಂದು ನೋಡಲು ಮಾಡಿಸುವ ಪೆಟ್ ಸ್ಕ್ಯಾನ್ ಹೆಸರನ್ನು ನೀವು ಕೇಳಿರಬಹುದು. ಯಂತ್ರ ಅದೇ. ಒಳಗೆ ಕಳುಹಿಸುವ ವಸ್ತು ಬೇರೆ. ಕ್ಯಾನ್ಸರಿಗೆ ಸಾಮಾನ್ಯವಾಗಿ ವಿಕಿರಣ ಸೂಸುವ ಗ್ಲೂಕೋಸನ್ನು ಕಳುಹಿಸುತ್ತಾರೆ. ಅದು ಸಕ್ಕರೆ ಹೆಚ್ಚು ಉಣ್ಣುವ ಜಾಗವನ್ನು ತೋರಿಸುತ್ತದೆ. ಡೋಪಮೈನ್ ಗ್ರಾಹಕಗಳ ವಿಚಾರವನ್ನು ಅದು ಹೇಳುವುದಿಲ್ಲ.

ಗ್ರಾಹಕ ನೋಡಬೇಕಾದರೆ ಗ್ರಾಹಕಕ್ಕೆ ಹೋಗಿ ಅಂಟುವ ವಸ್ತುವೇ ಬೇಕು. ಹೆಚ್ಚಾಗಿ ಬಳಸಿರುವುದು ರಾಕ್ಲೊಪ್ರೈಡ್ ಎಂಬುದನ್ನು. ಅದರ ಅಣುವಿನಲ್ಲಿರುವ ಒಂದು ಇಂಗಾಲದ ಜಾಗದಲ್ಲಿ ಇಂಗಾಲ-11 ಎಂಬ ವಿಕಿರಣಶೀಲ ಇಂಗಾಲವನ್ನು ಕೂರಿಸುತ್ತಾರೆ. ಇದನ್ನು ಸೈಕ್ಲೋಟ್ರಾನ್ ಎಂಬ ದೊಡ್ಡ ಯಂತ್ರದಲ್ಲಿ ತಯಾರಿಸಬೇಕು. ತಯಾರಾದ ಕ್ಷಣದಿಂದ ಅದು ಸವೆಯತೊಡಗುತ್ತದೆ. ಸುಮಾರು 20 ನಿಮಿಷಕ್ಕೆ ಅರ್ಧ, 40 ನಿಮಿಷಕ್ಕೆ ಕಾಲು, ಒಂದು ಗಂಟೆಗೆ ಎಂಟರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಅದನ್ನು ಔಷಧಕ್ಕೆ ಜೋಡಿಸಿ, ಶುದ್ಧ ಮಾಡಿ, ಪರೀಕ್ಷಿಸಿ, ನರಕ್ಕೆ ಚುಚ್ಚುವುದೆಲ್ಲ ಆ ಅವಧಿಯೊಳಗೇ ಆಗಬೇಕು. ಸೈಕ್ಲೋಟ್ರಾನು ಒಂದೂರಲ್ಲಿ, ರೋಗಿ ಇನ್ನೊಂದೂರಲ್ಲಿ ಇದ್ದರೆ ಆಗದು. ಈ ಪರೀಕ್ಷೆ ಪ್ರಪಂಚದ ಕೆಲವೇ ಸಂಶೋಧನಾ ಕೇಂದ್ರಗಳಲ್ಲಿ ಬೆಳೆದದ್ದಕ್ಕೆ ಇದು ದೊಡ್ಡ ಕಾರಣ.

ಇಂಗಾಲ-11 ಸವೆಯುವಾಗ ಪಾಸಿಟ್ರಾನ್ ಎಂಬ ಕಣ ಹೊರಬೀಳುತ್ತದೆ. ಅದು ಎಲೆಕ್ಟ್ರಾನಿನ ಪ್ರತಿರೂಪ, ವಿದ್ಯುದಂಶ ಮಾತ್ರ ವಿರುದ್ಧ. ಒಂದೆರಡು ಮಿಲಿಮೀಟರು ಹೋಗುವಷ್ಟರಲ್ಲಿ ಅದಕ್ಕೆ ಎಲೆಕ್ಟ್ರಾನ್ ಎದುರಾಗುತ್ತದೆ. ಎರಡೂ ಮಾಯವಾಗಿ ಎರಡು ಗಾಮಾ ಕಿರಣಗಳು ಒಂದಕ್ಕೊಂದು ಎದುರು ದಿಕ್ಕಿಗೆ ಹಾರುತ್ತವೆ. ರೋಗಿಯ ತಲೆಯ ಸುತ್ತ ಬಳೆಯಾಕಾರದಲ್ಲಿ ಸಾವಿರಾರು ಪತ್ತೆಕಣ್ಣುಗಳಿರುತ್ತವೆ. ಎದುರುಬದುರಿನ ಎರಡು ಕಣ್ಣುಗಳಿಗೆ ಒಂದೇ ಕ್ಷಣದಲ್ಲಿ ಕಿರಣ ಬಡಿದರೆ, ಅವು ಹೊರಟ ಜಾಗ ಆ ಎರಡನ್ನು ಸೇರಿಸುವ ಗೆರೆಯ ಮೇಲೆಲ್ಲೋ ಇದೆ ಎಂದಾಯಿತು. ಇಂಥ ಲಕ್ಷಾಂತರ ಗೆರೆಗಳನ್ನು ಕಂಪ್ಯೂಟರು ಹೆಣೆದು ಚಿತ್ರ ಮಾಡಿಕೊಡುತ್ತದೆ.

ನಮ್ಮ ಬಸ್ಸಿಗೆ ಮರಳೋಣ. ಕತ್ತಲೆಯ ಬಸ್ಸಿಗೆ ಕೈಯಲ್ಲಿ ಪುಟ್ಟ ದೀಪ ಹಿಡಿದ ಕೆಲವರನ್ನು ಹತ್ತಿಸಿದಂತೆ ಇದು. ಅವರು ಖಾಲಿ ಸೀಟಿನಲ್ಲಿ ಮಾತ್ರ ಕೂರುತ್ತಾರೆ. ಅವರ ಸಂಖ್ಯೆ ಎಷ್ಟು ಕಡಿಮೆಯೆಂದರೆ ಅವರಿಂದ ಸೀಟಿಗೆ ನೂಕುನುಗ್ಗಲು ಆಗುವುದಿಲ್ಲ. ಔಷಧ ಕೊಡದ ದಿನ ಮಿದುಳಿನ ನಡುಭಾಗದಲ್ಲಿ, ಸ್ಟ್ರಯೇಟಮ್ ಎಂಬಲ್ಲಿ, ಎಡಕ್ಕೊಂದು ಬಲಕ್ಕೊಂದು ಕೆಂಡ ಇಟ್ಟ ಹಾಗೆ ಚಿತ್ರ ಬೆಳಗುತ್ತದೆ. ಡಿ-2 ಸೀಟುಗಳು ಅಲ್ಲೇ ಕಿಕ್ಕಿರಿದಿರುವುದು. ಮಾತ್ರೆ ತೆಗೆದುಕೊಂಡವರಲ್ಲಿ ಅದೇ ಕೆಂಡ ಬೂದಿ ಮುಚ್ಚಿದಂತೆ ಮಂಕಾಗುತ್ತದೆ. ಎಷ್ಟು ಮಂಕಾಯಿತೋ ಅಷ್ಟು ಸೀಟುಗಳ ಮೇಲೆ ಟವೆಲು ಬಿದ್ದಿದೆ. ಬೆಳಕಿನ ಈ ವ್ಯತ್ಯಾಸವನ್ನು ಶೇಕಡಾವಾರು ಲೆಕ್ಕ ಹಾಕಬಹುದು.

1983ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯ ಹೆನ್ರಿ ವಾಗ್ನರ್ ಮತ್ತು ಸಂಗಡಿಗರು ಮನುಷ್ಯನ ಡೋಪಮೈನ್ ಗ್ರಾಹಕಗಳ ಮೊದಲ ಚಿತ್ರ ತೆಗೆದರು. ಯಂತ್ರದೊಳಗೆ ಮೊದಲು ಮಲಗಿದ್ದು ವಾಗ್ನರ್ ಅವರೇ. ಮರುವರ್ಷವೇ ಅದೇ ತಂಡದಿಂದ ಇನ್ನೊಂದು ವಿಷಯ ಹೊರಬಂತು: ವಯಸ್ಸು ಏರಿದಂತೆ ಈ ಗ್ರಾಹಕಗಳು ಕಡಿಮೆಯಾಗುತ್ತವೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಗ್ಯಾಸಿನ ಮಾತ್ರೆಯ ವಿಚಾರಕ್ಕೆ ಬೇಕಾಗುತ್ತದೆ.

65 ಮತ್ತು 80ರ ನಡುವೆ

ಸ್ಟಾಕ್‌ಹೋಮಿನ ಕಾರೊಲಿನ್‌ಸ್ಕಾ ಸಂಸ್ಥೆಯಲ್ಲಿ ಲಾರ್ಸ್ ಫಾರ್ಡೆ ಮತ್ತು ಜೊತೆಗಾರರು ರಾಕ್ಲೊಪ್ರೈಡ್ ಬಳಸಿ, ಬೇರೆ ಬೇರೆ ಔಷಧಗಳನ್ನು ಮಾಮೂಲು ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದ ಸ್ಕಿಜೋಫ್ರೀನಿಯಾ ರೋಗಿಗಳನ್ನು ಪರೀಕ್ಷಿಸಿದರು. 1988ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಔಷಧದ ಜಾತಿ ಯಾವುದಾದರೂ, ಮಿಲಿಗ್ರಾಂ ಎಷ್ಟಾದರೂ, ಮುಚ್ಚಿಹೋಗಿದ್ದ ಡಿ-2 ಗ್ರಾಹಕಗಳು ಶೇ. 65ರಿಂದ 85. ವೈದ್ಯರು ವರ್ಷಗಟ್ಟಲೆ ಅನುಭವದ ಮೇಲೆ, ಕಣ್ಣಳತೆಯಲ್ಲಿ, ಗೊತ್ತಿಲ್ಲದೆಯೇ ಒಂದೇ ಕಡೆಗೆ ಬಂದು ಮುಟ್ಟಿದ್ದರು. ನಂತರ ಅದೇ ತಂಡ, ಕೈಕಾಲು ಬಿಗಿಯುವ ತೊಂದರೆ ಇದ್ದವರಲ್ಲಿ ಮುಚ್ಚಿದ ಗ್ರಾಹಕಗಳ ಪಾಲು ತೊಂದರೆ ಇಲ್ಲದವರಿಗಿಂತ ಹೆಚ್ಚಿದೆ ಎಂದು ಕಂಡಿತು.

ಇದನ್ನು ಖಚಿತವಾಗಿ ಗೆರೆ ಎಳೆದು ತೋರಿಸಿದವರು ಟೊರಾಂಟೊದಲ್ಲಿದ್ದ, ಭಾರತದಲ್ಲಿ ವೈದ್ಯ ಪದವಿ ಪಡೆದ ಶಿತಿಜ್ ಕಪೂರ್ ಮತ್ತು ಅವರ ತಂಡ. ಮೊದಲ ಬಾರಿಗೆ ಕಾಯಿಲೆ ಬಿದ್ದ 22 ಮಂದಿಗೆ ಅವರು ಹ್ಯಾಲೋಪೆರಿಡಾಲನ್ನು ದಿನಕ್ಕೆ 1 ಅಥವಾ 2.5 ಮಿಲಿಗ್ರಾಂ ಮಾತ್ರ ಕೊಟ್ಟು ಪೆಟ್ ಸ್ಕ್ಯಾನ್ ಮಾಡಿದರು. ಯಾರಿಗೆ ಎಷ್ಟು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. 2000ದಲ್ಲಿ ಪ್ರಕಟವಾದ ಅಂಕಿಗಳು ಇವು. ಶೇ. 65ರಷ್ಟು ಗ್ರಾಹಕಗಳು ಮುಚ್ಚಿದಾಗ ಗುಣ ಕಾಣುವ ಸಾಧ್ಯತೆ ಹೆಚ್ಚುತ್ತದೆ. ಶೇ. 72 ದಾಟಿದರೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ. ಹೆಂಗಸರಲ್ಲಿ ಮುಟ್ಟು ನಿಲ್ಲುವುದು, ಮಗುವಿಲ್ಲದೆಯೇ ಎದೆಹಾಲು ಜಿನುಗುವುದು ಇದರಿಂದ. ಶೇ. 78 ದಾಟಿದರೆ ಕೈಕಾಲು ಬಿಗಿತ, ನಡುಕ, ಕುಳಿತಲ್ಲಿ ಕೂರಲಾಗದ ಚಡಪಡಿಕೆ.

ಗುಣಕ್ಕೂ ಬಾಧೆಗೂ ನಡುವೆ ಇರುವ ಓಣಿ ಎಷ್ಟು ಕಿರಿದು ನೋಡಿದಿರಾ? 1970, 80ರ ದಶಕಗಳಲ್ಲಿ ಹ್ಯಾಲೋಪೆರಿಡಾಲನ್ನು ದಿನಕ್ಕೆ 20 ಮಿಲಿಗ್ರಾಂ, ಕೆಲವು ಕಡೆ ಅದಕ್ಕೂ ಹೆಚ್ಚು ಕೊಡುವುದಿತ್ತು. ದಿನಕ್ಕೆ 2 ಮಿಲಿಗ್ರಾಮಿನಿಂದಲೇ ಸರಾಸರಿ ಶೇ. 67 ಗ್ರಾಹಕಗಳು ಮುಚ್ಚುತ್ತವೆ ಎಂದು ಇದೇ ಟೊರಾಂಟೊ ತಂಡ 1996ರಲ್ಲಿ ತೋರಿಸಿತ್ತು.

ಹಾಗಾದರೆ ಉಳಿದ 18 ಮಿಲಿಗ್ರಾಂ ಏನು ಮಾಡುತ್ತಿತ್ತು? ಬಸ್ಸು ಖಾಲಿ ಇದ್ದಾಗ ಎಸೆದ ಟವೆಲಿಗೆಲ್ಲ ಸೀಟು ಸಿಗುತ್ತದೆ. ಮುಕ್ಕಾಲು ಭಾಗ ತುಂಬಿದ ಮೇಲೆ ಎಸೆದವು ಬಹುತೇಕ ಟವೆಲಿನ ಮೇಲೇ ಬೀಳುತ್ತವೆ. ಹೊಸದಾಗಿ ಹಿಡಿಯುವ ಸೀಟುಗಳು ನಾಲ್ಕಾರು. ಆದರೆ ಆ ನಾಲ್ಕಾರು ಸೀಟುಗಳೇ ಚಲನೆಗೆ ಉಳಿದಿದ್ದವು. ಅವೂ ಹೋದರೆ ರೋಗಿ ಮರದ ಗೊಂಬೆ. ಇನ್ನು ಕೆಲವು ಔಷಧಗಳಲ್ಲಿ ಹೆಚ್ಚುವರಿ ಟವೆಲುಗಳು ಬೇರೆ ಬಸ್ಸುಗಳಿಗೆ, ಎಂದರೆ ಬೇರೆ ರಾಸಾಯನಿಕಗಳ ಗ್ರಾಹಕಗಳಿಗೆ ಹೋಗಿ ಬಿದ್ದು ಮಿತಿಮೀರಿದ ನಿದ್ದೆ, ಬೊಜ್ಜು, ಬಾಯಿ ಒಣಗುವುದು, ಮಲಬದ್ಧತೆ ತರುತ್ತವೆ. ಮಾತ್ರೆ ಎರಡರಷ್ಟಾದರೆ ಗುಣ ಎರಡರಷ್ಟಾಗುವುದಿಲ್ಲ.

ಆ 22 ಮಂದಿಯ ಅಧ್ಯಯನದಲ್ಲಿ ಇನ್ನೊಂದು ಅಂಕಿಯಿದೆ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದು. ಅಷ್ಟು ಸಣ್ಣ ಪ್ರಮಾಣದಲ್ಲೂ ಒಬ್ಬರಲ್ಲಿ ಶೇ. 38 ಗ್ರಾಹಕಗಳು ಮುಚ್ಚಿದ್ದರೆ ಇನ್ನೊಬ್ಬರಲ್ಲಿ ಶೇ. 87 ಮುಚ್ಚಿದ್ದವು. ಔಷಧವನ್ನು ಅರಗಿಸಿ ಹೊರಹಾಕುವ ಶಕ್ತಿ ಒಬ್ಬೊಬ್ಬರ ಯಕೃತ್ತಿಗೆ ಒಂದೊಂದು ರೀತಿ. ‘ನಮ್ಮ ಭಾವನ ಮಗನಿಗೂ ಇದೇ ಕಾಯಿಲೆ, ಅವನು ಎರಡು ಮಾತ್ರೆ ತಗೋತಾನೆ, ಇವಳಿಗೆ ಯಾಕೆ ಅರ್ಧ?’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ವೈದ್ಯರು ಕಡಿಮೆಯಿಂದ ಶುರುಮಾಡಿ, ವಾರ ವಾರ ನೋಡಿ, ಕೈ ಮಡಚಿ ಬಿಡಿಸಿ ಬಿಗಿತ ಪರೀಕ್ಷಿಸಿ, ಅಷ್ಟಷ್ಟೇ ಏರಿಸುವುದು ಜಿಪುಣತನದಿಂದಲ್ಲ. ಗುಣ ಕಾಣಲು ಕೆಲವು ವಾರಗಳು ಬೇಕು. ಗ್ರಾಹಕಗಳು ಮುಚ್ಚುವುದು ಗಂಟೆಗಳಲ್ಲಿ, ಆದರೆ ಬೇರೂರಿದ ಸಂಶಯ ಸಡಿಲಾಗಲು ದಿನಗಳು ಹಿಡಿಯುತ್ತವೆ. ಹದಿನೈದೇ ದಿನಕ್ಕೆ ಪ್ರಮಾಣ ಏರಿಸೆಂದು ದುಂಬಾಲು ಬೀಳುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಗ್ರಾಹಕಗಳು ಸಾಕಷ್ಟು ಮುಚ್ಚಿದ್ದರೂ ಕೆಲವರಿಗೆ ಗುಣವಾಗುವುದೇ ಇಲ್ಲ. 1989ರಲ್ಲಿ ಅಮೆರಿಕದಲ್ಲಿ ಗುಣವಾದವರನ್ನೂ ಆಗದವರನ್ನೂ ಪೆಟ್ ಯಂತ್ರದಲ್ಲಿ ನೋಡಿದಾಗ ಇಬ್ಬರಲ್ಲೂ ಸರಿಸುಮಾರು ಅಷ್ಟೇ ಗ್ರಾಹಕಗಳು ಮುಚ್ಚಿದ್ದವು. ಅಂಥವರಿಗೆ ಅದೇ ಮಾತ್ರೆಯನ್ನು ಇನ್ನಷ್ಟು ಏರಿಸುವುದು ವ್ಯರ್ಥ. ಎರಡು ಬೇರೆ ಬೇರೆ ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ಕೊಟ್ಟರೂ ಫಲ ಸಿಗದಿದ್ದರೆ ಮನೋವೈದ್ಯರು ಕ್ಲೋಜಪೈನ್ ಬಗ್ಗೆ ಯೋಚಿಸುತ್ತಾರೆ. ಅದು ಡಿ-2 ಗ್ರಾಹಕಗಳನ್ನು ಇತರ ಔಷಧಗಳಿಗಿಂತ ಕಡಿಮೆ ಮುಚ್ಚಿಯೂ ಕೆಲಸ ಮಾಡುತ್ತದೆ. ಅದು ಹೇಗೆಂಬುದು ಪೂರ್ತಿ ಬಿಡಿಸಲಾಗದ ಒಗಟು. ಬಿಳಿ ರಕ್ತಕಣ ಕುಸಿಯುವ ಅಪಾಯ ಇರುವುದರಿಂದ ಕ್ಲೋಜಪೈನ್ ತೆಗೆದುಕೊಳ್ಳುವವರಿಗೆ, ಮೊದಲ ತಿಂಗಳುಗಳಲ್ಲಂತೂ, ರಕ್ತಪರೀಕ್ಷೆ ತಪ್ಪಬಾರದು. ಅರಿಪಿಪ್ರಜೋಲ್ ಇದಕ್ಕೆ ತದ್ವಿರುದ್ಧ. ಶೇ. 90ಕ್ಕಿಂತ ಹೆಚ್ಚು ಗ್ರಾಹಕ ಹಿಡಿದರೂ ಬಿಗಿತ ಕಡಿಮೆ. ಅದು ಬರೀ ಟವೆಲಲ್ಲ, ಸೀಟಿನಲ್ಲಿ ಕುಳಿತು ಡೋಪಮೈನಿನ ಕೆಲಸವನ್ನು ತಾನೂ ಅಲ್ಪಸ್ವಲ್ಪ ಮಾಡುತ್ತದೆ.

ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುವುದಿಲ್ಲವೇ?

ಇಷ್ಟೆಲ್ಲ ಕಾಣುವುದಾದರೆ ಕಾಯಿಲೆಯನ್ನೇ ಸ್ಕ್ಯಾನಿನಲ್ಲಿ ನೋಡಬಾರದೇ? ವಿಜ್ಞಾನಿಗಳೂ ಹಾಗೇ ಆಸೆಪಟ್ಟರು. 1986ರಲ್ಲಿ ಬಾಲ್ಟಿಮೋರ್ ತಂಡ, ಔಷಧ ಮುಟ್ಟದ ಸ್ಕಿಜೋಫ್ರೀನಿಯಾ ರೋಗಿಗಳಲ್ಲಿ ಡಿ-2 ಗ್ರಾಹಕಗಳು ಹೆಚ್ಚಿವೆ ಎಂದಿತು. 1990ರಲ್ಲಿ ಸ್ಟಾಕ್‌ಹೋಮ್ ತಂಡ, ನಮಗೆ ಅಂಥ ವ್ಯತ್ಯಾಸ ಕಾಣಲಿಲ್ಲ ಎಂದಿತು. ವಾದ ವರ್ಷಗಟ್ಟಲೆ ನಡೆಯಿತು. ಕ್ರಮೇಣ ತಿಳಿದದ್ದೆಂದರೆ, ಸೀಟಿನ ಸಂಖ್ಯೆಗಿಂತ ಪ್ರಯಾಣಿಕರ ಸಂಖ್ಯೆಯಲ್ಲಿ ವ್ಯತ್ಯಾಸ ಹೆಚ್ಚು. ಈ ರೋಗಿಗಳ ಸ್ಟ್ರಯೇಟಮಿನಲ್ಲಿ ಡೋಪಮೈನ್ ತಯಾರಾಗುವುದೂ ಸುರಿಯುವುದೂ ಸರಾಸರಿಯಲ್ಲಿ ಹೆಚ್ಚು. ‘ಸರಾಸರಿಯಲ್ಲಿ’ ಎಂಬ ಮಾತಿಗೆ ಅಡಿಗೆರೆ ಹಾಕಿ. ಗಂಡಸರು ಸರಾಸರಿಯಲ್ಲಿ ಹೆಂಗಸರಿಗಿಂತ ಎತ್ತರ. ಹಾಗೆಂದು ಎತ್ತರ ಅಳೆದು ಇದು ಗಂಡಸು, ಇದು ಹೆಂಗಸು ಎಂದು ಹೇಳಲಾದೀತೇ? ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ ಸ್ಕಿಜೋಫ್ರೀನಿಯಾ ಇದೆ, ಇಲ್ಲ ಎನ್ನುವುದೂ ಹಾಗೆಯೇ.

ವೈದ್ಯರು ಕೆಲವರಿಗೆ ಸಿ.ಟಿ. ಅಥವಾ ಎಂ.ಆರ್.ಐ. ಹೇಳುವುದುಂಟು. ಗೆಡ್ಡೆ, ಸೋಂಕು, ರಕ್ತಸ್ರಾವ ಮುಂತಾದ ಬೇರೆ ಕಾರಣಗಳಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅದು ಬೇಕಾಗುತ್ತದೆ. ಅದರ ವರದಿ ‘ನಾರ್ಮಲ್’ ಎಂದು ಬಂದರೆ ಕಾಯಿಲೆ ಇಲ್ಲವೆಂದಲ್ಲ. ‘ಸ್ಕ್ಯಾನಿನಲ್ಲಿ ಏನೂ ಇಲ್ಲ, ಇದೆಲ್ಲ ಅವನ ನಾಟಕ’ ಎಂದು ಮನೆಯಲ್ಲಿ ಹಂಗಿಸುವುದು ಬಹಳ ಕ್ರೂರವಾದ ತಪ್ಪು ತಿಳಿವಳಿಕೆ. ಆ ಕಾಯಿಲೆಯ ಗುರುತು ಆ ಸ್ಕ್ಯಾನಿನಲ್ಲಿ ಇರುವುದೇ ಇಲ್ಲ. ಸಾಲ ಮಾಡಿ ಸ್ಕ್ಯಾನಿಗೆ ಸುರಿಯುವ ಹಣ ಅನೇಕ ತಿಂಗಳ ಔಷಧಕ್ಕೆ ಸಾಕಾಗುತ್ತದೆ.

ಗ್ಯಾಸಿನ ಮಾತ್ರೆ, ತಲೆಸುತ್ತಿನ ಮಾತ್ರೆ

‘ನಮ್ಮ ಮನೆಯಲ್ಲಿ ಯಾರಿಗೂ ಮಾನಸಿಕ ಕಾಯಿಲೆ ಇಲ್ಲ, ಇದನ್ನೆಲ್ಲ ನಾವೇಕೆ ಓದಬೇಕು?’ ಎಂದುಕೊಂಡು ಪುಟ ಮಗುಚಬೇಡಿ. ನಮ್ಮಂಥ ಸಾಮಾನ್ಯ ವೈದ್ಯರ ಬಳಿ ಬರುವ ಡಿ-2 ಬಾಧೆಗೆ ಎಷ್ಟೋ ಸಲ ಕಾರಣ ಹುಚ್ಚಿನ ಮಾತ್ರೆಯಲ್ಲ, ವಾಂತಿಯ ಮಾತ್ರೆ.

ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೂ ವಾಂತಿಗೂ ಕೊಡುವ ಪ್ರೊಕ್ಲೋರ್‌ಪೆರಜೈನ್, ಹೊಟ್ಟೆಯುಬ್ಬರಕ್ಕೆಂದು ಆಮ್ಲ ತಗ್ಗಿಸುವ ಔಷಧದ ಜೊತೆ ಒಂದೇ ಕ್ಯಾಪ್ಸೂಲಿನಲ್ಲಿ ಬೆರೆಸಿ ಮಾರುವ ಲೆವೊಸಲ್ಪಿರೈಡ್, ಇವೆಲ್ಲ ಡಿ-2 ಮುಚ್ಚುವ ಔಷಧಗಳೇ. ತಲೆಸುತ್ತಿಗೆ ಕೊಡುವ ಸಿನ್ನರಿಜೈನ್, ಅರೆತಲೆನೋವಿಗೆ ಕೊಡುವ ಫ್ಲುನರಿಜೈನ್ ಕೂಡ ತಿಂಗಳುಗಟ್ಟಲೆ ನುಂಗಿದರೆ ಇದೇ ದಾರಿ ಹಿಡಿಯಬಲ್ಲವು. ನಾಲ್ಕಾರು ದಿನಕ್ಕೆಂದು ಬರೆದುಕೊಟ್ಟ ಮಾತ್ರೆಯ ಹಾಳೆಯನ್ನು ಪರ್ಸಿನಲ್ಲಿಟ್ಟುಕೊಂಡು, ಮುಗಿದಾಗಲೆಲ್ಲ ಮೆಡಿಕಲ್ ಶಾಪಿನಲ್ಲಿ ತೋರಿಸಿ, ವರ್ಷಗಟ್ಟಲೆ ‘ಗ್ಯಾಸ್’ ಎಂದು ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗುವ ಹಿರಿಯರು ನಮ್ಮಲ್ಲಿ ಎಷ್ಟು ಮಂದಿ!

ವಯಸ್ಸಾದಂತೆ ಗ್ರಾಹಕಗಳು ಕಡಿಮೆಯಾಗುತ್ತವೆ ಎಂದು ಆಗಲೇ ಹೇಳಿದೆ. ಡೋಪಮೈನ್ ತಯಾರಿಸುವ ಕೋಶಗಳೂ ಸವೆದಿರುತ್ತವೆ. ಮೂತ್ರಪಿಂಡ, ಯಕೃತ್ತುಗಳು ಔಷಧವನ್ನು ಹೊರಹಾಕುವುದು ನಿಧಾನ. ಮೊದಲೇ ಸೀಟು ಕಡಿಮೆ ಇರುವ ಬಸ್ಸಿಗೆ ದಿನವೂ ಟವೆಲು ಬೀಳುತ್ತಿದೆ. ಕೆಲವು ವಾರ, ತಿಂಗಳುಗಳಲ್ಲಿ ಅಜ್ಜನ ನಡಿಗೆ ಚಿಕ್ಕ ಹೆಜ್ಜೆಯಾಗುತ್ತದೆ. ಮುಖದಲ್ಲಿ ಕಳೆ ಇರುವುದಿಲ್ಲ. ಅಂಗಿ ಗುಂಡಿ ಹಾಕಲು ತಡವಾಗುತ್ತದೆ, ಸಹಿ ಚಿಕ್ಕದಾಗುತ್ತದೆ, ಕೈ ನಡುಗುತ್ತದೆ. ‘ವಯಸ್ಸಾಯಿತು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಇಲ್ಲವೇ ಪಾರ್ಕಿನ್ಸನ್ ಕಾಯಿಲೆ ಎಂದು ಇನ್ನೊಂದು ಮಾತ್ರೆ ಶುರುವಾಗುತ್ತದೆ.

ಪಾರ್ಕಿನ್ಸನ್ ಕಾಯಿಲೆಯಲ್ಲಿ, ನಮ್ಮ ಹಿರಿಯರು ಕಂಪವಾತ ಎಂದದ್ದರಲ್ಲಿ, ಸೀಟು ಖಾಲಿ ಇದ್ದರೂ ಪ್ರಯಾಣಿಕರಿಲ್ಲ. ಡೋಪಮೈನ್ ತಯಾರಿಸುವ ಕೋಶಗಳೇ ಸತ್ತಿರುತ್ತವೆ. 1983ರಲ್ಲೇ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಫ್ಲೋರಿನ್-18 ಜೋಡಿಸಿದ ಡೋಪಾ ಬಳಸಿ ಈ ಕೋಶಗಳ ಚಿತ್ರ ತೆಗೆದಿದ್ದರು. ಫ್ಲೋರಿನ್-18 ಅರ್ಧ ಸವೆಯಲು ಸುಮಾರು 110 ನಿಮಿಷ ಬೇಕಾಗುವುದರಿಂದ ಇದನ್ನು ಸ್ವಲ್ಪ ದೂರ ಸಾಗಿಸಬಹುದು. ಹಾಗಾಗಿ ಈ ಬಗೆಯ ಸ್ಕ್ಯಾನ್ ನಮ್ಮ ದೇಶದ ದೊಡ್ಡ ನಗರಗಳಲ್ಲೂ ಲಭ್ಯವಿದೆ. ಔಷಧದಿಂದ ಬಂದ ಬಿಗಿತವಾದರೆ ಈ ಚಿತ್ರ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ, ನಿಜವಾದ ಪಾರ್ಕಿನ್ಸನ್ ಆದರೆ ಕೆಂಡ ಬಾಲದ ಕಡೆಯಿಂದ ಆರಿರುತ್ತದೆ. ಅನುಮಾನ ಬಗೆಹರಿಯದಿದ್ದಾಗ ನರರೋಗ ತಜ್ಞರು ಇದನ್ನು ಹೇಳಬಹುದು. ಬಹುಪಾಲು ರೋಗಿಗಳಿಗೆ ಅದೂ ಬೇಡ. ಅದಕ್ಕೆ ಮೊದಲು ಒಂದು ಅಗ್ಗದ ಪರೀಕ್ಷೆ ಇದೆ: ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಗ್ಯಾಸಿನದು, ನಿದ್ದೆಯದು, ನಾಟಿ ಔಷಧ ಎಲ್ಲವನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ತಪ್ಪಿತಸ್ಥ ಮಾತ್ರೆ ಸಿಕ್ಕಿ, ಅದನ್ನು ನಿಲ್ಲಿಸಿದರೆ ಹೆಚ್ಚಿನವರಲ್ಲಿ ಬಿಗಿತ ವಾರಗಳಲ್ಲೋ ತಿಂಗಳುಗಳಲ್ಲೋ ಇಳಿಯುತ್ತದೆ. ಇಳಿಯದಿದ್ದರೆ ಒಳಗೆ ಮೊದಲೇ ಪಾರ್ಕಿನ್ಸನ್ ಇತ್ತೆಂದು ಸಂಶಯಪಡಬೇಕು. ನಸುಗುನ್ನಿ ಬೀಜದಲ್ಲಿ ಎಲ್-ಡೋಪಾ ಇರುವುದು ನಿಜ. ಹಾಗೆಂದು ವೈದ್ಯರಿಗೆ ತಿಳಿಸದೆ ಅದರ ಪುಡಿಯನ್ನು ಮಾತ್ರೆಯ ಜೊತೆ ಸೇರಿಸಿಕೊಂಡರೆ ಪ್ರಮಾಣ ಎಷ್ಟಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಹರೆಯದವರಲ್ಲಿ ಇದರ ರೂಪವೇ ಬೇರೆ. ವಾಂತಿಗೆ ಚುಚ್ಚುಮದ್ದು ಕೊಡಿಸಿ ಮನೆಗೆ ಕರೆತಂದ ಹುಡುಗಿಗೆ ಕೆಲವು ಗಂಟೆಗಳಲ್ಲಿ ಕುತ್ತಿಗೆ ಒಂದು ಕಡೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡು, ನಾಲಗೆ ಹೊರಚಾಚಬಹುದು. ನೋಡಿದವರು ಗಾಳಿ ಸೋಕಿತೆಂದು ನಿಂಬೆಹಣ್ಣು ನಿವಾಳಿಸಲು ಓಡುತ್ತಾರೆ. ಹತ್ತಿರದ ಆಸ್ಪತ್ರೆಗೆ ಓಡಿ. ಪ್ರೊಮೆಥಜೈನ್‌ನಂಥ ಒಂದು ಚುಚ್ಚುಮದ್ದಿನಿಂದ ಸ್ವಲ್ಪ ಹೊತ್ತಿನಲ್ಲೇ ಕುತ್ತಿಗೆ ನೆಟ್ಟಗಾಗುತ್ತದೆ. ಯಾವ ಔಷಧದಿಂದ ಹೀಗಾಯಿತೆಂದು ಚೀಟಿಯಲ್ಲಿ ಬರೆಸಿಕೊಂಡು ಜೋಪಾನವಾಗಿಡಿ. ಇನ್ನೊಮ್ಮೆ ಯಾರೂ ಅದನ್ನು ಕೊಡಬಾರದು.

ನಿಲ್ಲಿಸುವವರಿಗೆ

ಬಿಗಿತ ಕಂಡೊಡನೆ ಮಾನಸಿಕ ಕಾಯಿಲೆಯ ಮಾತ್ರೆಯನ್ನು ಪೂರ್ತಿ ನಿಲ್ಲಿಸುವುದರ ವಿಚಾರ. ನಿಲ್ಲಿಸಿದಾಗ ಟವೆಲುಗಳು ಒಂದೇ ದಿನಕ್ಕೆ ಎದ್ದುಹೋಗುವುದಿಲ್ಲ. ತಿಂಗಳಿಗೊಮ್ಮೆ ಕೊಡುವ ಹ್ಯಾಲೋಪೆರಿಡಾಲ್ ಚುಚ್ಚುಮದ್ದು ಪಡೆದವರನ್ನು ಸ್ವೀಡನ್ನಿನಲ್ಲಿ ಸ್ಕ್ಯಾನ್ ಮಾಡಿದಾಗ ಮೊದಲ ವಾರ ಸರಾಸರಿ ಶೇ. 73, ನಾಲ್ಕನೆಯ ವಾರದಲ್ಲೂ ಶೇ. 52 ಗ್ರಾಹಕಗಳು ಮುಚ್ಚಿದ್ದವು. ಮಾತ್ರೆಯಾದರೆ ಬೇಗ ಖಾಲಿಯಾಗುತ್ತದೆ. ಆದರೂ ಕಾಯಿಲೆ ಮರಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯಬಹುದು. ‘ನಿಲ್ಲಿಸಿ ತಿಂಗಳಾಯಿತು, ಏನೂ ಆಗಲಿಲ್ಲ, ಇನ್ನೂ ಚುರುಕಾಗಿದ್ದಾನೆ’ ಎಂದು ಮನೆಯವರು ಸಂತೋಷಪಡುವ ಕಾಲ ಇದೇ. ಬಿಗಿತ ಹೋಗಿ ಹುಡುಗ ಹಗುರಾಗಿರುತ್ತಾನೆ, ನಿಜ. ನಿದ್ದೆ ಕೆಡುವುದು, ಒಬ್ಬನೇ ಗೊಣಗುವುದು, ಊಟದಲ್ಲಿ ಏನೋ ಬೆರೆಸಿದ್ದಾರೆಂದು ತಟ್ಟೆ ತಳ್ಳುವುದು ಆಮೇಲೆ ಬರುತ್ತದೆ. ಮತ್ತೆ ಮತ್ತೆ ಮರಳಿದ ಕಾಯಿಲೆಗೆ ಮೊದಲಿನಷ್ಟು ಸುಲಭವಾಗಿ ಗುಣ ಸಿಗದಿರಬಹುದು.

ಬಿಗಿತಕ್ಕೆ ದಾರಿಗಳಿವೆ. ಪ್ರಮಾಣವನ್ನು ಇಳಿಸಬಹುದು. ಕಿರಿದಾದ ಆ ಓಣಿಯೊಳಕ್ಕೆ ಮರಳಲು ಕೆಲವರಿಗೆ ಅರ್ಧ ಮಾತ್ರೆಯ ವ್ಯತ್ಯಾಸ ಸಾಕು. ಬಿಗಿತ ಕಡಿಮೆ ತರುವ ಬೇರೆ ಔಷಧಕ್ಕೆ ಬದಲಾಯಿಸಬಹುದು. ಕೆಲವು ಕಾಲ ಟ್ರೈಹೆಕ್ಸಿಫೆನಿಡಿಲ್ ಜೊತೆಗೆ ಕೊಡಬಹುದು. ಅದು ಒಂದು ಟವೆಲನ್ನೂ ಎತ್ತುವುದಿಲ್ಲ, ಪಕ್ಕದಿಂದ ಬಿಗಿತವನ್ನು ಸಡಿಲಿಸುತ್ತದೆ ಅಷ್ಟೆ. ವಯಸ್ಸಾದವರಲ್ಲಿ ಮರೆವು, ಗೊಂದಲ, ಮೂತ್ರ ಕಟ್ಟುವುದು ಅದರಿಂದ ಬರುವುದರಿಂದ ಅದನ್ನೂ ಕೇಳದೆ ವರ್ಷಗಟ್ಟಲೆ ಮುಂದುವರಿಸಬಾರದು. ಇವುಗಳಲ್ಲಿ ಯಾವುದು ಎಂದು ತೀರ್ಮಾನಿಸಲು ವೈದ್ಯರಿಗೆ ಬೇಕಾದ ಮಾಹಿತಿ ನಿಮ್ಮಲ್ಲೇ ಇದೆ: ಬಿಗಿತ ಯಾವ ದಿನ ಶುರುವಾಯಿತು, ಅದಕ್ಕೆ ಎಷ್ಟು ದಿನ ಮೊದಲು ಮಾತ್ರೆ ಏರಿಸಿದ್ದರು, ಜೊತೆಗೆ ಬೇರೆ ಏನು ನುಂಗಿದ್ದರು. ಒಂದು ಹಳೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ ತಂದರೂ ಸಾಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಇದೆ. ಮನೆಯಿಂದಲೇ ಕೇಳಬೇಕೆಂದರೆ 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ-ಮಾನಸ್ ಸೇವೆಯವರು ಕನ್ನಡದಲ್ಲೇ ಮಾತನಾಡುತ್ತಾರೆ.

ಒಂದು ಸಂದರ್ಭದಲ್ಲಿ ಮಾತ್ರ ಕ್ಯಾಲೆಂಡರು, ಫೋನು ಯಾವುದಕ್ಕೂ ಕಾಯಬಾರದು. ಈ ಔಷಧ ತೆಗೆದುಕೊಳ್ಳುತ್ತಿರುವವರಿಗೆ ಜೋರು ಜ್ವರ, ಮೈ ಹಲಗೆಯಂತೆ ಸೆಟೆದುಕೊಳ್ಳುವುದು, ಬೆವರು, ಪ್ರಜ್ಞೆ ಮಂಕಾಗುವುದು ಒಟ್ಟಿಗೆ ಕಂಡರೆ ಅದು ಅಪರೂಪದ, ಆದರೆ ಪ್ರಾಣಕ್ಕೆ ಎರವಾಗಬಲ್ಲ ಸ್ಥಿತಿ. ಮುಂದಿನ ಮಾತ್ರೆ ಕೊಡದೆ, ಔಷಧ ಚೀಟಿಯನ್ನು ಜೊತೆಗಿಟ್ಟುಕೊಂಡು, ರಾತ್ರಿಯಾದರೂ ಸರಿ, ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ.